ಬಸಲಿಂಗವ್ವನವರ ಡಬ್ಬಿಯನ್ನು ಗಡಿ ದಾಟಿಸುವ ಬಗ್ಗೆ

ಸ್ವತಂತ್ರ ಇಲ್ಫರ್ಡ್ ಕನ್ನಡ ಕೂಟ
(ಮಹಾ ಲಂಡನ್ ಕನ್ನಡ ಕೂಟಗಳ ಒಕ್ಕೂಟದ ಮಾಜಿ ಸದಸ್ಯ)
ಒಕ್ಕೂಟ ನಿರ್ಗಮನ ವ್ಯವಹಾರಗಳ ವಿಭಾಗ
ಕಚೇರಿ: ಕಾರ್ಯದರ್ಶಿಯವರ ಮನೆಯ ಮುಂಬಾಗಿಲ ಕೋಣೆ, ಇಲ್ಫರ್ಡ್

ಸಂಖ್ಯೆ: ಸ್ವಇಕಕೂ/ಒನಿವಿ/ಡಬ್ಬಿ/ಸುತ್ತೋಲೆ-7 (ತಿದ್ದುಪಡಿಯ ತಿದ್ದುಪಡಿ)
ದಿನಾಂಕ: ಡಿಸೆಂಬರ್ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ

ವಿಷಯ: ಇಲ್ಫರ್ಡ್ ಅಡುಗೆಮನೆಗಳಲ್ಲಿ ಉಳಿದಿರುವ ಸಟನ್ ಮೂಲದ ಡಬ್ಬಿಗಳ ಪೈಕಿ ಕೊನೆಯದನ್ನು ಹಿಂದಿರುಗಿಸುವ ಬಗ್ಗೆ, ಹಾಗೂ ಅದರ ಒಳಗೆ ಏನಾದರೂ ಇರಬಹುದೇ ಎಂಬ ಬಗ್ಗೆ.

ಉಲ್ಲೇಖ:
1) ಒಕ್ಕೂಟದ ಏಕರೂಪ ತಿಂಡಿ ನಿಯಮಾವಳಿ, ಅನುಬಂಧ 3.
2) ನಮ್ಮ ನಿರ್ಗಮನ ಮತದಾನದ ಫಲಿತಾಂಶ.
3) ಈ ಕಚೇರಿಯ ಸುತ್ತೋಲೆ-4 (ಖಾಲಿ ಡಬ್ಬಿ).
4) ಒಕ್ಕೂಟದ ಕಾರ್ಯದರ್ಶಿ ಶ್ರೀ ರಾಮಪ್ರಸಾದ, ಸಟನ್, ಇವರ ಇಮೇಲ್.
5) ಶ್ರೀಮತಿ ಅನ್ನೆಟ್ ಕ್ರಾಸ್ತಾ ಇವರು ಅಡುಗೆಮನೆಯಿಂದ ನೀಡಿದ ಮೌಖಿಕ ಹೇಳಿಕೆ (ಏರುದನಿ).

ಪ್ರಸ್ತಾವನೆ:

ಇಲ್ಫರ್ಡ್ ಕೂಟವು ಹಲವು ವರ್ಷ ಮೇಲ್ಕಂಡ ಒಕ್ಕೂಟದ ಸದಸ್ಯನಾಗಿದ್ದು, ಪಾರ್ಕ್ ರಾಯಲ್‌ನ ಬಾಡಿಗೆ ಉಗ್ರಾಣದಲ್ಲಿ ಲಂಡನ್ನಿನ ಇನ್ನೊಂದು ತುದಿಯ, ಈಗಲೂ ಒಕ್ಕೂಟದಲ್ಲೇ ಇರುವ ಸಟನ್ ಕೂಟದೊಂದಿಗೆ ಪಾತ್ರೆಪಡಗಗಳನ್ನು ಇಟ್ಟು, ಹಬ್ಬದೂಟಗಳನ್ನು ಒಟ್ಟಿಗೆ ಉಂಡು, ಕುರ್ಚಿಗಳನ್ನು ಒಟ್ಟಿಗೆ ಮಡಚಿ ಬಂದದ್ದು ಸರಿಯಷ್ಟೆ. ಕಳೆದ ವರ್ಷ ಒಕ್ಕೂಟವು ಏಕರೂಪ ತಿಂಡಿ ನಿಯಮಾವಳಿಯನ್ನು ಹೊರಡಿಸಿತು. ಅದರ ಮೂರನೇ ಅನುಬಂಧದಲ್ಲಿ ಸಾನ್ನಾವನ್ನು, ಅಂದರೆ ಊರಿನಲ್ಲಿ ಕಳ್ಳು ಹಾಕಿ, ಇಲ್ಲಿ ಈಸ್ಟ್ ಹಾಕಿ ಉಬ್ಬಿಸಿ ಹಬೆಯಲ್ಲಿ ಬೇಯಿಸುವ ನಮ್ಮ ಮಂಗಳೂರು ಕಡೆಯ ಸಾನ್ನಾವನ್ನು, ‘ಇಡ್ಲಿ, ಎರಡನೇ ದರ್ಜೆ’ ಎಂದು ವರ್ಗೀಕರಿಸಲಾಗಿತ್ತು. ನಿಗದಿತ ವ್ಯಾಸ ಮೀರಿದ ಸಾನ್ನಾಗಳ ಅಂಚನ್ನು ಬಡಿಸುವ ಮುನ್ನ ಕತ್ತರಿಸಬೇಕೆಂದೂ ಸೂಚಿಸಲಾಗಿತ್ತು. ತಾಳ್ಮೆಗೂ ಒಂದು ಮಿತಿ ಇರುತ್ತದೆ ಎಂಬುದನ್ನು ಈ ಕಚೇರಿ ಇಲ್ಲಿ ದಾಖಲಿಸಬಯಸುತ್ತದೆ.

ತತ್ಪರಿಣಾಮವಾಗಿ ಮತದಾನ ನಡೆದು, ‘ನಮ್ಮ ಸಾನ್ನಾ, ನಮ್ಮ ಅಧಿಕಾರ’ ಎಂಬ ಘೋಷಣೆಯಡಿ ನಿರ್ಗಮನ ಪಕ್ಷವು ಎರಡು ಮತಗಳಿಂದ ಗೆದ್ದಿರುತ್ತದೆ. ಗೆದ್ದ ಮತಗಳಲ್ಲಿ ಒಂದನ್ನು ಹಾಕಿದವರು ತಾವು ಪಾರ್ಕಿಂಗ್ ಸಮಸ್ಯೆಗೆ ಮತ ಹಾಕಿದ್ದಾಗಿ ಆಮೇಲೆ ತಿಳಿಸಿದ್ದಾರೆ. ಆದರೂ ಜನತೆಯ ತೀರ್ಪು ತೀರ್ಪೇ. ಈ ದೇಶವು ಐರೋಪ್ಯ ಒಕ್ಕೂಟವನ್ನು ಬಿಡಲು ಮತ ಹಾಕಿದ ಕಾಲದಲ್ಲಿ ಈ ಕೆಳಗೆ ಸಹಿ ಮಾಡಿರುವ ಕಾರ್ಯದರ್ಶಿಯು ಉಳಿಯುವ ಪರವಾಗಿದ್ದು, ಫಲಿತಾಂಶ ಬಂದ ಬೆಳಿಗ್ಗೆ ಚಹಾ ಸಹ ಮುಟ್ಟಲಿಲ್ಲವೆಂದು ಕೆಲವರು ವಾಟ್ಸಾಪ್ ಗುಂಪಿನಲ್ಲಿ ಪದೇ ಪದೇ ನೆನಪಿಸುತ್ತಿದ್ದಾರೆ. ಅದು ದೇಶದ ಪ್ರಶ್ನೆ. ಇದು ಸಾನ್ನಾದ ಪ್ರಶ್ನೆ. ಎರಡನ್ನೂ ಬೆರೆಸತಕ್ಕದ್ದಲ್ಲ.

ನಿರ್ಗಮನ ಒಪ್ಪಂದದ ಪ್ರಕಾರ ಪಾರ್ಕ್ ರಾಯಲ್‌ನಲ್ಲಿರುವ ದೊಡ್ಡ ಹಬೆಪಾತ್ರೆಯು ಇಲ್ಫರ್ಡ್ ಪಾಲಿಗೂ, ಅದರ ಮುಚ್ಚಳವು ಸಟನ್ ಪಾಲಿಗೂ ಬಂದಿರುತ್ತದೆ. ಪಾತ್ರೆಯನ್ನು ಬಿಡುಗಡೆ ಮಾಡಬೇಕಾದರೆ ಇಲ್ಫರ್ಡ್ ಮನೆಗಳಲ್ಲಿರುವ ಸಟನ್‌ನ ಎಲ್ಲ ಡಬ್ಬಿಗಳೂ ಮೊದಲು ವಾಪಸಾಗಬೇಕು. ಆ ಪಾತ್ರೆ ಬಾರದೆ ನಮ್ಮ ಪ್ರಥಮ ಸ್ವತಂತ್ರ ಕ್ರಿಸ್ಮಸ್ ಭೋಜನಕ್ಕೆ ಸಾನ್ನಾ ಬೇಯಿಸಲು ಸಾಧ್ಯವಿಲ್ಲ. ಸಾನ್ನಾಕ್ಕಾಗಿ ಹೊರಬಂದ ಕೂಟವು ಸಾನ್ನಾ ಇಲ್ಲದೆ ಹಬ್ಬ ಮಾಡಿದರೆ ಸಟನ್‌ನವರು ಏನೆಂದಾರು ಎಂಬುದನ್ನು ಸದಸ್ಯರ ಊಹೆಗೇ ಬಿಡಲಾಗಿದೆ.

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಕಂಡಂತೆ ಸೂಚಿಸಲಾಗಿದೆ:

1. ವ್ಯಾಖ್ಯೆ. ಈ ಸುತ್ತೋಲೆಯ ಉದ್ದೇಶಕ್ಕಾಗಿ ‘ಡಬ್ಬಿ’ ಎಂದರೆ, ಒಂದು ಮನೆಯಿಂದ ಇನ್ನೊಂದು ಮನೆಗೆ ತಿಂಡಿ ಅಥವಾ ಊಟ ಹೋದ, ಮುಚ್ಚಳವಿರುವ ಅಥವಾ ಒಂದು ಕಾಲದಲ್ಲಿ ಮುಚ್ಚಳವಿದ್ದ ಪಾತ್ರೆ. ಹಳೆಯ ಐಸ್‌ಕ್ರೀಮ್ ಡಬ್ಬಿ ಹಾಗೂ ಮೊಸರಿನ ಬಕೆಟ್ಟುಗಳು ಯಾರ ಮನೆಯವೆಂದು ಯಾರೂ ಹೇಳಲಾರದ ಕಾರಣ ಅವುಗಳನ್ನು ತಾಯ್ನಾಡಿಲ್ಲದ ಪಾತ್ರೆಗಳೆಂದು ಘೋಷಿಸಿ, ಇರುವಲ್ಲೇ ಆಶ್ರಯ ನೀಡಲಾಗಿದೆ.

2. ರಾಷ್ಟ್ರೀಯತೆ. ಡಬ್ಬಿಯ ರಾಷ್ಟ್ರೀಯತೆಯನ್ನು ಅದರ ಮೇಲೆ ಕೆತ್ತಿಸಿದ ಹೆಸರಿನಿಂದ ನಿರ್ಧರಿಸತಕ್ಕದ್ದು. ಹೆಸರಿಲ್ಲದಿದ್ದಲ್ಲಿ ವಾಸನೆಯಿಂದ ನಿರ್ಧರಿಸತಕ್ಕದ್ದು. ಒಣಮೀನಿನ ವಾಸನೆಯಿದ್ದರೆ ಇಲ್ಫರ್ಡ್, ಇಂಗಿನ ವಾಸನೆಯಿದ್ದರೆ ಸಟನ್. ಎರಡೂ ಇದ್ದಲ್ಲಿ ಉಭಯ ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದಾಗಿದ್ದು, ಅರ್ಜಿಯ ಜೊತೆ ಡಬ್ಬಿಯನ್ನು ತೊಳೆಯದೆ ಹಾಜರುಪಡಿಸತಕ್ಕದ್ದು.

3. ಡಬ್ಬಿ ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ ಇರುವ ಪ್ರಕರಣಗಳನ್ನು ಕುಟುಂಬ ಪುನರ್ಮಿಲನ ಎಂದು ಪರಿಗಣಿಸಿ ಮಾನವೀಯ ನೆಲೆಯಲ್ಲಿ ಇತ್ಯರ್ಥಪಡಿಸಲಾಗುವುದು. ಹೊಂದದ ಮುಚ್ಚಳವನ್ನು ಒತ್ತಿ ಕೂರಿಸಿ ‘ಇದೇ’ ಎಂದು ವಾದಿಸುವುದನ್ನು ನಿಷೇಧಿಸಲಾಗಿದೆ.

4. ಸುತ್ತೋಲೆ-4 ಮತ್ತು ಅದರ ಪರಿಣಾಮ. ಎಲ್ಲ ಸಟನ್ ಡಬ್ಬಿಗಳನ್ನೂ ತೊಳೆದು, ಒರೆಸಿ, ಖಾಲಿಯಾಗಿ ಹಿಂದಿರುಗಿಸುವಂತೆ ಸದರಿ ಸುತ್ತೋಲೆಯಲ್ಲಿ ಆದೇಶಿಸಲಾಗಿತ್ತು. ಇದಕ್ಕೆ ಸಕಾರಣವಿತ್ತು. ಡಬ್ಬಿಯಲ್ಲಿ ತಿಂಡಿ ಇಟ್ಟು ಕಳುಹಿಸಿದರೆ ಅದು ರಫ್ತು. ರಫ್ತಾದ ತಿಂಡಿ ಗಡಿ ದಾಟಿದೊಡನೆ ಒಕ್ಕೂಟದ ತಿಂಡಿ ನಿಯಮಾವಳಿಗೆ ಒಳಪಡುತ್ತದೆ. ನಮ್ಮ ತಿಂಡಿಯ ಹೆಸರನ್ನು ಮತ್ತೆ ಅವರೇ ನಿರ್ಧರಿಸುವುದಾದರೆ ನಾವು ಹೊರಬಂದು ಸಾಧಿಸಿದ್ದಾದರೂ ಏನು?

ಈ ತರ್ಕದಲ್ಲಿ ಇಂದಿಗೂ ದೋಷ ಕಂಡುಬಂದಿಲ್ಲ. ಆದರೆ ಬಂದ ಡಬ್ಬಿಯನ್ನು ಖಾಲಿಯಾಗಿ ವಾಪಸು ಕೊಡುವ ರೂಢಿ ನಮ್ಮಲ್ಲಿ ಯಾರ ಮನೆಯಲ್ಲೂ ಇಲ್ಲ. ಕಡೇಪಕ್ಷ ನಾಲ್ಕು ಚಮಚ ಸಕ್ಕರೆಯಾದರೂ ಹಾಕಿ ಕೊಡುವುದು ಪದ್ಧತಿ. ಆಗಸ್ಟ್ ತಿಂಗಳಲ್ಲಿ ಕಾರ್ಯದರ್ಶಿಯ ಖುದ್ದು ಉಸ್ತುವಾರಿಯಲ್ಲಿ, ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ, ಲಕಲಕ ಹೊಳೆಯುವ ಖಾಲಿ ಡಬ್ಬಿಗಳು ಪಾರ್ಕ್ ರಾಯಲ್ ಮಾರ್ಗವಾಗಿ ಸಟನ್ ತಲುಪಿದವು. ಅಲ್ಲಿ ಒಬ್ಬ ಹಿರಿಯ ಮಹಿಳೆ ತಮ್ಮ ಡಬ್ಬಿಯನ್ನು ತೆರೆದು, ಮುಚ್ಚಿ, ಪುನಃ ತೆರೆದು ನೋಡಿದರೆಂದು ವರದಿಯಾಗಿದೆ. ಆ ದಿನದಿಂದ ಸಟನ್‌ನವರು ನಮ್ಮ ಹುಟ್ಟುಹಬ್ಬದ ಸಂದೇಶಗಳಿಗೆ ಬರೀ ಹೆಬ್ಬೆರಳಿನ ಚಿತ್ರ ಕಳುಹಿಸುತ್ತಿದ್ದಾರೆ.

5. ಸಟನ್ ನಿವಾಸಿ ಶ್ರೀಮತಿ ಚಂದ್ರಿಕಾ ಇವರ ಒಂದು ಡಬ್ಬಿಯೂ ಹೀಗೆ ಖಾಲಿ ಹೋದವುಗಳಲ್ಲಿ ಇತ್ತು. ಚಂದ್ರಿಕಾ ಅವರು ಕಾರ್ಯದರ್ಶಿಯ ಪತ್ನಿ ಅನ್ನೆಟ್ ಅವರ ಗೆಳತಿ. ಪ್ರತಿ ಶನಿವಾರ ಮಧ್ಯಾಹ್ನ ಇವರಿಬ್ಬರ ನಡುವೆ ಫೋನ್ ಸಂಭಾಷಣೆ ನಡೆಯುತ್ತಿದ್ದು, ಆ ಹೊತ್ತಿನಲ್ಲಿ ಈ ಮನೆಯಲ್ಲಿ ಯಾರಿಗೂ ಏನನ್ನೂ ಕೇಳುವ ಹಕ್ಕಿರಲಿಲ್ಲ. ಡಬ್ಬಿ ತಲುಪಿದ ದಿನ ಅವರಿಂದ ‘ಬಂತು’ ಎಂಬ ಒಂದೇ ಪದದ ಸಂದೇಶ ಬಂದಿತು. ಆಮೇಲೆ ಫೋನ್ ಬಂದಿಲ್ಲ. ಶನಿವಾರ ಮಧ್ಯಾಹ್ನಗಳಲ್ಲಿ ಈಗ ಮನೆ ಬಹಳ ನಿಶ್ಶಬ್ದವಾಗಿರುತ್ತದೆ. ಇದರಿಂದ ಕಚೇರಿ ಕೆಲಸಕ್ಕೆ ಅನುಕೂಲವಾಗಬೇಕಿತ್ತು. ಆಗಿಲ್ಲ.

6. ಕೊನೆಯ ಡಬ್ಬಿ. ಮೇಲಿನ ಪೆಟ್ಟಿಗೆಗಳಲ್ಲಿ ಸೇರಿರದ ಒಂದೇ ಒಂದು ಸಟನ್ ಡಬ್ಬಿ ಇಲ್ಫರ್ಡ್‌ನಲ್ಲಿ ಉಳಿದಿದೆ ಎಂದು ಒಕ್ಕೂಟವು ಆಕ್ಷೇಪಿಸಿರುತ್ತದೆ. ವಿವರ: ಸ್ಟೀಲಿನದು, ದುಂಡನೆಯದು, ಒಂದು ಬದಿ ತಗ್ಗು ಬಿದ್ದಿದೆ, ಮುಚ್ಚಳದ ಮೇಲೆ ‘ಬಸಲಿಂಗವ್ವ’ ಎಂದು ಚುಕ್ಕಿ ಚುಕ್ಕಿಯಾಗಿ ಕೆತ್ತಲಾಗಿದೆ. ಸದರಿ ಡಬ್ಬಿಯು ಇಲ್ಫರ್ಡ್‌ನ ಒಂದು ನಿರ್ದಿಷ್ಟ ಮನೆಯ ಅಕ್ಕಿ ಡ್ರಮ್ಮಿನ ತಳದಲ್ಲಿ ತಲೆಮರೆಸಿಕೊಂಡಿದ್ದು, ಮನೆ ಯಾವುದೆಂದು ತನಿಖೆ ಮಾಡಲಾಗಿ, ಅದು ಈ ಕಚೇರಿ ಇರುವ ಮನೆಯೇ ಎಂದು ತಿಳಿದುಬಂದಿದೆ.

ಈ ಬಗ್ಗೆ ಶ್ರೀ ರಾಮಪ್ರಸಾದ ಅವರ ಇಮೇಲ್‌ನ ಸಂಬಂಧಿತ ಸಾಲು ಹೀಗಿದೆ: “ಲೂಯಿಸ್ ಸರ್, ಡಬ್ಬಿ ಬಂದ್ರೆ ಪಾತ್ರೆ ಹೋಗತ್ತೆ. ನಂಗೇನೂ ಪರ್ಸನಲ್ ಇಲ್ಲ, ಪ್ರೊಸೀಜರ್ ಅಂದ್ಮೇಲೆ ಪ್ರೊಸೀಜರ್ ಅಲ್ವಾ?” ಇವರು ಹಿಂದೆ ನಮ್ಮ ಮನೆಯಲ್ಲಿ ಮೂರು ಬಾರಿ ಕೇಳಿ ಹಾಕಿಸಿಕೊಂಡು ಸಾನ್ನಾ ತಿಂದವರೆಂಬುದನ್ನು ಕಡತದಲ್ಲಿ ಬರೆದಿಡಲಾಗಿದೆ.

7. ಡಬ್ಬಿಯ ಪೂರ್ವೇತಿಹಾಸ. ಅನ್ನೆಟ್ ಮತ್ತು ಚಂದ್ರಿಕಾ ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ, ಸಟನ್‌ನ ಒಂದು ಬಾಡಿಗೆ ಮನೆಯ ಮೇಲೆ ಕೆಳಗೆ ವಾಸವಾಗಿದ್ದರು. ಅನ್ನೆಟ್ ಅವರಿಗೆ ಹೆರಿಗೆಯಾದಾಗ ಊರಿನಿಂದ ಯಾರಿಗೂ ವೀಸಾ ಸಿಗಲಿಲ್ಲ. ಆಗ ಚಂದ್ರಿಕಾ ಅವರು, ತಮ್ಮ ತಾಯಿ ಬಸಲಿಂಗವ್ವ ಹುಬ್ಬಳ್ಳಿಯಿಂದ ಕಳುಹಿಸಿದ್ದ ಇದೇ ಡಬ್ಬಿಯಲ್ಲಿ ಬಾಣಂತಿಯರ ಅಂಟಿನುಂಡಿ ತುಂಬಿ ಕೆಳಗಿನಿಂದ ಮೇಲಕ್ಕೆ ತಂದರು. ಡ್ಯೂಟಿ ಮುಗಿಸಿ ಬಂದು ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದವರೂ ಅವರೇ. ಆ ಚಳಿಗಾಲದಲ್ಲಿ ಈ ಕಾರ್ಯದರ್ಶಿಗೆ ಅನ್ನ ಮಾಡಲೂ ಬರುತ್ತಿರಲಿಲ್ಲ. ಇದು ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ್ದಲ್ಲ, ಆದರೂ ಬರೆಯಲಾಗಿದೆ.

ಅಂದಿನಿಂದ, ನಾವು ಇಲ್ಫರ್ಡ್‌ಗೆ ಮನೆ ಬದಲಿಸಿದ ಮೇಲೂ, ಸದರಿ ಡಬ್ಬಿಯು ಕ್ರಿಸ್ಮಸ್‌ಗೆ ನಮ್ಮ ಕುಸ್ವಾರ್ ತಿಂಡಿಗಳನ್ನು ಹೊತ್ತು ಸಟನ್‌ಗೆ ಹೋಗುವುದು, ಸಂಕ್ರಾಂತಿಗೆ ಶೇಂಗಾ ಹೋಳಿಗೆ ಹೊತ್ತು ಬರುವುದು, ಹೀಗೆ ನಡೆದುಬಂದಿದೆ. ಇದುವರೆಗೆ ಒಮ್ಮೆಯೂ ಖಾಲಿ ಹೋದ ದಾಖಲೆ ಇಲ್ಲ.

8. ಮೂರನೇ ರಾಷ್ಟ್ರದ ಹಕ್ಕು. ಕಲಂ 2ರ ಪ್ರಕಾರ ಡಬ್ಬಿಯ ರಾಷ್ಟ್ರೀಯತೆ ಅದರ ಮೇಲಿನ ಹೆಸರಿನಂತೆ. ಆದರೆ ಬಸಲಿಂಗವ್ವನವರು ಇಲ್ಫರ್ಡ್‌ಗಾಗಲಿ ಸಟನ್‌ಗಾಗಲಿ ಕಾಲಿಟ್ಟವರಲ್ಲ. ಆದ್ದರಿಂದ ಅವರನ್ನು ವೀಡಿಯೊ ಕರೆಯ ಮೂಲಕ ಸಂಪರ್ಕಿಸಿ, ತಮ್ಮ ಡಬ್ಬಿಯ ಸಾರ್ವಭೌಮತ್ವದ ಬಗ್ಗೆ ಅಭಿಪ್ರಾಯ ಕೋರಲಾಯಿತು. ಅವರ ಹೇಳಿಕೆ ಯಥಾವತ್ತಾಗಿ: “ಡಬ್ಬಿ ಯಾರದಂತ ನನಗ್ಯಾಕ ಕೇಳ್ತಿಯೋ ಯಪ್ಪಾ, ಇಪ್ಪತ್ತು ವರ್ಷ ಆತು ಕೊಟ್ಟು. ಅದರಾಗ ಏನ್ ಹಾಕಿ ಕೊಡಾಕತ್ತೀರಿ, ಅದನ್ನ ಹೇಳು ಮೊದಲ.” ಈ ಪ್ರಶ್ನೆಗೆ ಉತ್ತರಿಸಲು ಕಾಲಾವಕಾಶ ಕೋರಲಾಗಿದೆ.

9. ಸಾರ್ವಭೌಮತ್ವದ ಲಾಭಗಳು. ನಿರ್ಗಮನದಿಂದ ಇದುವರೆಗೆ ಆದ ಲಾಭಗಳ ಪಟ್ಟಿಯನ್ನು ಪ್ರಕಟಿಸುವಂತೆ ಸದಸ್ಯರು ಕೋರಿದ್ದರು. ಸದಸ್ಯತ್ವದ ಚೀಟಿಯ ಬಣ್ಣ ನೀಲಿಯಾಗಿದೆ. ಉಳಿದವು ಪರಿಶೀಲನೆಯಲ್ಲಿವೆ.

10. ಗಡಿ ಠಾಣೆ. ಇಲ್ಫರ್ಡ್‌ನಿಂದ ಎಲಿಜಬೆತ್ ಲೈನಿನಲ್ಲಿ ಬಂದವರು ಸಟನ್ ರೈಲು ಹಿಡಿಯಲು ಫ್ಯಾರಿಂಗ್ಡನ್‌ನಲ್ಲಿ ಇಳಿಯುವುದರಿಂದ, ಸದರಿ ನಿಲ್ದಾಣದ ಪ್ಲಾಟ್‌ಫಾರ್ಮಿನ ಬೆಂಚನ್ನು ನಮ್ಮ ಗಡಿ ಎಂದು ಘೋಷಿಸಲಾಗಿತ್ತು. ತಿಂಡಿ ತುಂಬಿದ ಡಬ್ಬಿಗಳು ದಾಟದಂತೆ ನೋಡಿಕೊಳ್ಳಲು, ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಹಿರಿಯ ಸದಸ್ಯ ಶ್ರೀ ಲಕ್ಷ್ಮೀಶ ಅವರನ್ನು ಗಡಿ ಅಧಿಕಾರಿಯಾಗಿ ನೇಮಿಸಲಾಗಿತ್ತು. ಅವರ ಕಾರ್ಯವೈಖರಿಯ ಪರಾಮರ್ಶೆ ಹೀಗಿದೆ:

(ಅ) ತಪಾಸಣೆಗೆಂದು ತೆರೆಸಿದ ಚಕ್ಕುಲಿ ಡಬ್ಬಿಯೊಂದರಲ್ಲಿ ಮಾದರಿ ಸಂಗ್ರಹ ಮುಗಿದಾಗ ಚಕ್ಕುಲಿಯೂ ಮುಗಿದಿತ್ತು. ಡಬ್ಬಿ ಖಾಲಿಯಾಗಿದ್ದರಿಂದ ನಿಯಮಾನುಸಾರ ದಾಟಲು ಅನುಮತಿಸಲಾಯಿತು.

(ಆ) ಕೊರಳಲ್ಲಿ ಗುರುತಿನ ಚೀಟಿ ಹಾಕಿ ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರುತ್ತಿದ್ದ ಇವರನ್ನು ದಾರಿ ತಪ್ಪಿದ ಹಿರಿಯರೆಂದು ಭಾವಿಸಿದ ಸಹೃದಯ ಪ್ರಯಾಣಿಕರೊಬ್ಬರು, ಇವರ ಬಾಯಿಂದ ‘ಸಟನ್’ ಎಂಬ ಪದ ಕೇಳಿದ್ದೇ ತಡ, ಕೈಹಿಡಿದು ಸಟನ್ ರೈಲಿಗೆ ಹತ್ತಿಸಿರುತ್ತಾರೆ.

(ಇ) ಹೀಗೆ ಕಳೆದ ಶನಿವಾರ ಗಡಿ ಅಧಿಕಾರಿಯೇ ಗಡಿ ದಾಟಿದ್ದು, ಸಟನ್‌ನಲ್ಲಿ ಇಳಿದು, ತಮಗೆ ಗೊತ್ತಿದ್ದ ಒಂದೇ ಮನೆಗೆ, ಅಂದರೆ ಚಂದ್ರಿಕಾ ಅವರ ಮನೆಗೆ ಹೋಗಿ, ಊಟ ಮಾಡಿ, ಅರ್ಧ ಗಂಟೆ ಮಲಗಿ ಎದ್ದು ಬಂದಿರುತ್ತಾರೆ. ಮರಳುವಾಗ ಅವರ ಕೈಯಲ್ಲಿ ಒಂದು ಹೊಸ ಡಬ್ಬಿ ಇತ್ತು. ಒಳಗೆ ಶೇಂಗಾ ಹೋಳಿಗೆ ಇತ್ತು. ಮುಚ್ಚಳಕ್ಕೆ ‘ಮೆಲಿಷಾಗೆ’ ಎಂಬ ಚೀಟಿ ಅಂಟಿಸಲಾಗಿತ್ತು. ಮೆಲಿಷಾ ಎಂದರೆ ಕಲಂ 7ರಲ್ಲಿ ಎಣ್ಣೆ ಹಚ್ಚಿಸಿಕೊಂಡ ಮಗು.

11. ಸದರಿ ಹೊಸ ಡಬ್ಬಿಯಿಂದಾಗಿ ಇಲ್ಫರ್ಡ್‌ನಲ್ಲಿ ಉಳಿದಿರುವ ಸಟನ್ ಡಬ್ಬಿಗಳ ಸಂಖ್ಯೆಯು ಒಂದರಿಂದ ಸೊನ್ನೆಗೆ ಇಳಿಯುವ ಬದಲು ಎರಡಕ್ಕೆ ಏರಿದೆ. ಹೀಗೆಯೇ ಮುಂದುವರಿದರೆ ನಿರ್ಗಮನ ಯಾವಾಗ ಪೂರ್ಣಗೊಳ್ಳುವುದೆಂದು ಸದಸ್ಯರು ಕೇಳುತ್ತಿದ್ದಾರೆ. ಈ ಪ್ರಶ್ನೆಯನ್ನು ಈ ದೇಶದಲ್ಲಿ ಬೇರೆಯವರಿಗೂ ಕೇಳಲಾಗಿದ್ದು, ಅವರಿಂದ ಉತ್ತರ ಬಂದೊಡನೆ ತಿಳಿಸಲಾಗುವುದು.

12. ಶ್ರೀಮತಿ ಚಂದ್ರಿಕಾ ಇವರ ಹೇಳಿಕೆ. ಊಟ ಬಡಿಸುವಾಗ ಅವರು ಆಡಿದ ಮಾತನ್ನು ಲಕ್ಷ್ಮೀಶ ಅವರು ನೆನಪಿಟ್ಟುಕೊಂಡು ಬಂದು ಈ ಕಚೇರಿಗೆ, ಅಡುಗೆಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ, ವರದಿ ಮಾಡಿದ್ದಾರೆ: “ಖಾಲಿ ಡಬ್ಬಿ ನೋಡಿ ನನಗ ಎದಿ ಧಸಕ್ ಅಂತ್ರಿ. ಅನ್ನೆಟ್ಟಗ ಏನರ ಆಗೇತೇನೋ ಅಂದ್ಕೊಂಡೆ. ಆಕಿ ಎದ್ದು ಓಡಾಡೋ ಹಂಗಿದ್ರ ಹಿಂಗ ಖಾಲಿ ಕಳಸಾಕಿ ಅಲ್ಲ. ಆಮ್ಯಾಲ ಗೊತ್ತಾತು, ಆರಾಮ ಅದಾಳ, ಬೇಕಂತನ ಕಳಿಸ್ಯಾರ ಅಂತ. ಅದಕ್ಕ ಫೋನ್ ಮಾಡಲಿಲ್ಲ ನೋಡ್ರಿ. ಮಾಡಿ ಏನಂತ ಕೇಳಲಿ?”



13. ಅಡುಗೆಮನೆಯ ಅಧಿಕಾರವ್ಯಾಪ್ತಿ. ಮೇಲಿನ ವರದಿ ಮುಗಿದ ಕೂಡಲೇ ಶ್ರೀಮತಿ ಅನ್ನೆಟ್ ಕ್ರಾಸ್ತಾ ಅವರ ಹೇಳಿಕೆ ಆರಂಭವಾಯಿತು. ಮೊದಲು ಕೊಂಕಣಿಯಲ್ಲಿದ್ದ ಹೇಳಿಕೆಯು, ಕಾರ್ಯದರ್ಶಿಯು ಸರಿಯಾಗಿ ಕೇಳಿಸದವರಂತೆ ಕಡತ ತಿರುವುತ್ತಿದ್ದ ಕಾರಣ, ಗಡಿ ಅಧಿಕಾರಿಗೂ ಅರ್ಥವಾಗಲೆಂದು ಕನ್ನಡದಲ್ಲಿ ಮುಂದುವರಿಯಿತು: “ನನ್ನ ಹೆಸರಲ್ಲಿ ಖಾಲಿ ಡಬ್ಬಿ ಕಳಿಸ್ಲಿಕ್ಕೆ ನಿಮಗೆ ಯಾರು ಹೇಳಿದ್ದು? ಅವಳು ನಾನೇ ಕಳಿಸಿದ್ದು ಅಂತ ತಿಳ್ಕೊಂಡಿದ್ದಾಳಲ್ಲ! ಈ ಡಬ್ಬಿ ಖಾಲಿ ಹೋಗುದಿಲ್ಲ. ಹೋಗುದಾದ್ರೆ ಅದರೊಟ್ಟಿಗೆ ನಾನೂ ಹೋಗುದು. ನೀವು ಇಲ್ಲಿ ಸ್ವತಂತ್ರವಾಗಿ ಇರಿ. ಮತ್ತೆ ಒಂದು ಕೇಳಿ. ಖಾಲಿ ಕಳಿಸಿದ್ದು ನೀವು, ತುಂಬಿಸುದೂ ನೀವೇ. ನಾನು ಕೈ ಹಾಕುದಿಲ್ಲ.”

ಇದೇ ಸಂದರ್ಭದಲ್ಲಿ ಮೆಲಿಷಾ ಅವರು ಮೆಟ್ಟಿಲಿನ ಮೇಲಿನಿಂದ ಆಂಗ್ಲದಲ್ಲಿ ಸಲ್ಲಿಸಿದ ಆಕ್ಷೇಪಣೆಯ ಪೂರ್ಣಪಾಠ: “ಡ್ಯಾಡ್. ಇಟ್ಸ್ ಎ ಡಬ್ಬಿ.” ಇದನ್ನು ತರ್ಜುಮೆಗೆ ಕಳುಹಿಸಲಾಗಿದೆ.

ಕೂಟದ ಸಂವಿಧಾನವನ್ನು ಪರಿಶೀಲಿಸಲಾಗಿ, ಕಾರ್ಯದರ್ಶಿಯ ಅಧಿಕಾರವು ಮುಂಬಾಗಿಲ ಕೋಣೆಯಿಂದ ಆರಂಭವಾಗಿ ಅಡುಗೆಮನೆಯ ಹೊಸ್ತಿಲಿನಲ್ಲಿ ಅಂತ್ಯಗೊಳ್ಳುತ್ತದೆ ಎಂಬುದು ಸ್ಪಷ್ಟವಾಗಿದೆ. ಇದನ್ನು ಸಂವಿಧಾನದಲ್ಲಿ ಬರೆದಿಲ್ಲ. ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

14. ಆದೇಶ. ಆದಕಾರಣ, ಸುತ್ತೋಲೆ-4ನ್ನು ಹಿಂಪಡೆಯಲಾಗಿದೆ. ಬಸಲಿಂಗವ್ವನವರ ಡಬ್ಬಿಯನ್ನು ತುಂಬಿಸಿ ಹಿಂದಿರುಗಿಸತಕ್ಕದ್ದು. ತುಂಬಿಸುವ ಕಾರ್ಯಭಾರವನ್ನು ಕಾರ್ಯದರ್ಶಿಗೆ, ಅವರ ಒಪ್ಪಿಗೆಗೆ ಕಾಯದೆ, ವಹಿಸಲಾಗಿದೆ. ಕುಸ್ವಾರ್ ಕರಿಯುವಷ್ಟು ಪರಿಣತಿ ಇವರಿಗಿಲ್ಲದ ಕಾರಣ, ಯಾವ ಪದಾರ್ಥದ ಘನತೆಗಾಗಿ ಇವರು ಒಂದು ವರ್ಷ ಭಾಷಣ ಮಾಡಿದರೋ ಅದನ್ನೇ, ಅಂದರೆ ಸಾನ್ನಾವನ್ನೇ, ಮಾಡುವಂತೆ ಅಡುಗೆಮನೆಯಿಂದ ಸೂಚನೆ ಬಂದಿರುತ್ತದೆ.

15. ಅನುಷ್ಠಾನ ವರದಿ. ಅಕ್ಕಿ, ಉದ್ದು ನೆನೆಸುವುದು ಬೇರೆ ಬೇರೆ ಪಾತ್ರೆಯಲ್ಲಿ ಎಂಬ ಮಾಹಿತಿ ಕಾರ್ಯದರ್ಶಿಗೆ ತಡವಾಗಿ ಲಭ್ಯವಾಯಿತು. ಇಲ್ಲಿನ ಡಿಸೆಂಬರ್ ಚಳಿಗೆ ಮೊದಲ ಹಿಟ್ಟು ಉಬ್ಬಲು ನಿರಾಕರಿಸಿದ್ದು, ಬೇಯಿಸಿದಾಗ ಬಂದ ವಸ್ತುವು ಬಾಗಿಲಿಗೆ ಅಡ್ಡ ಇಡಲು ಯೋಗ್ಯವೆಂದು ಮೆಲಿಷಾ ಅವರು ಅದನ್ನು ಹಾಗೆಯೇ ಇಟ್ಟಿರುತ್ತಾರೆ. ಎರಡನೇ ಹಿಟ್ಟನ್ನು ಬಿಸಿನೀರಿನ ಬಾಯ್ಲರ್ ಇರುವ ಕಪಾಟಿನಲ್ಲಿ ಟವೆಲ್ ಹೊದಿಸಿ ಇಡಲಾಯಿತು. ಅದು ಬೆಳಗಾಗುವುದರೊಳಗೆ ಉಬ್ಬಿ, ಪಾತ್ರೆಯ ಗಡಿ ಮೀರಿ, ಇಸ್ತ್ರಿ ಮಾಡಿಟ್ಟ ಅಂಗಿಗಳ ಪ್ರದೇಶಕ್ಕೂ ವ್ಯಾಪಿಸಿತ್ತು. ಉಳಿದದ್ದರಿಂದ ಮನೆಯ ಸಣ್ಣ ಹಬೆಪಾತ್ರೆಯಲ್ಲಿ ಸಾನ್ನಾ ಬೇಯಿಸಲಾಗಿದೆ. ನಡುವೆ ಸ್ವಲ್ಪ ಕುಸಿದಿವೆ. ವ್ಯಾಸ ಅಳೆದಿಲ್ಲ.

ಕೈ ಹಾಕುವುದಿಲ್ಲವೆಂದು ಘೋಷಿಸಿದ್ದವರು ಬೆಳಿಗ್ಗೆ ಅಡುಗೆಮನೆಗೆ ಬಂದು, ಮುಚ್ಚಳ ಎತ್ತಿ ನೋಡಿ, ಹಬೆಯ ನೀರು ಸಾನ್ನಾದ ಮೇಲೆ ತೊಟ್ಟಿಕ್ಕದಂತೆ ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟಿ ಹೋಗಿರುತ್ತಾರೆ. ಇದನ್ನು ತಾಂತ್ರಿಕ ನೆರವು ಎಂದು ಪರಿಗಣಿಸಲಾಗಿದೆ. ಈ ಕಚೇರಿಗೆ ಇದರಿಂದ ಬಹಳ ಸಂತೋಷವಾಗಿದೆ.

16. ಸಾಗಣೆ. ಸದರಿ ಡಬ್ಬಿಯನ್ನು ಅಂಚೆ, ಕೊರಿಯರ್ ಅಥವಾ ಪಾರ್ಕ್ ರಾಯಲ್ ಮೂಲಕ ಕಳುಹಿಸತಕ್ಕದ್ದಲ್ಲ. ಕಾರ್ಯದರ್ಶಿಯೇ ಇಂದು ಮಧ್ಯಾಹ್ನದೊಳಗೆ ತಲುಪುವಂತೆ ಮಡಿಲಲ್ಲಿಟ್ಟುಕೊಂಡು ಒಯ್ಯತಕ್ಕದ್ದು. ರೈಲಿನಲ್ಲಿ ಡಬ್ಬಿಯ ಬಿಸಿ ತೊಡೆಗೆ ತಾಗಿದಲ್ಲಿ ಸಹಿಸಿಕೊಳ್ಳತಕ್ಕದ್ದು. ಫ್ಯಾರಿಂಗ್ಡನ್ ಗಡಿಯಲ್ಲಿ ಶ್ರೀ ಲಕ್ಷ್ಮೀಶ ಅವರು ಮಾದರಿ ಕೇಳಿದರೆ ಕೊಡತಕ್ಕದ್ದಲ್ಲ. ಅವರಿಗೆಂದು ಎರಡು ಸಾನ್ನಾಗಳನ್ನು ಪ್ರತ್ಯೇಕ ಕಾಗದದಲ್ಲಿ ಸುತ್ತಿಡಲಾಗಿದ್ದು, ಅವನ್ನು ನೀಡಿ ಠಾಣೆಯನ್ನು ಕಾಯಂ ಆಗಿ ಮುಚ್ಚತಕ್ಕದ್ದು.

17. ಸಟನ್‌ನಲ್ಲಿ ಬಾಗಿಲು ತೆರೆದಾಗ ಕಾರ್ಯದರ್ಶಿಯು ಒಪ್ಪಂದ, ಅನುಬಂಧ, ಕಲಂ ಇತ್ಯಾದಿ ಪದಗಳನ್ನು ಬಳಸತಕ್ಕದ್ದಲ್ಲ. ಖಾಲಿ ಡಬ್ಬಿ ಕಳುಹಿಸಿದ್ದು ಅನ್ನೆಟ್ ಅಲ್ಲ, ತಾನು, ಎಂದು ಒಂದೇ ವಾಕ್ಯದಲ್ಲಿ ಹೇಳತಕ್ಕದ್ದು. ವಾಕ್ಯವು ಕರ್ಮಣಿ ಪ್ರಯೋಗದಲ್ಲಿ ಇರಕೂಡದೆಂದು ಅಡುಗೆಮನೆಯ ನಿರ್ದಿಷ್ಟ ಆದೇಶವಿದೆ.

18. ಕ್ರಿಸ್ಮಸ್ ಭೋಜನಕ್ಕೆ ಸಟನ್‌ನವರು ಬರುವುದಾದರೆ ಅವರನ್ನು ವಿದೇಶಿ ಗಣ್ಯರೆಂದು ಪರಿಗಣಿಸಿ ಮುಂದಿನ ಸಾಲಿನಲ್ಲಿ ಕೂರಿಸಲಾಗುವುದು. ಬರುವಾಗ ಹಬೆಪಾತ್ರೆಯ ಮುಚ್ಚಳವನ್ನು ತರತಕ್ಕದ್ದು. ಮುಚ್ಚಳವಿಲ್ಲದೆ ಪಾತ್ರೆ ಬಂದೂ ಪ್ರಯೋಜನವಿಲ್ಲ ಎಂಬುದು ಒಪ್ಪಂದಕ್ಕೆ ಸಹಿ ಹಾಕುವಾಗ ಎರಡೂ ಕಡೆಯವರ ಗಮನಕ್ಕೆ ಬಂದಿರಲಿಲ್ಲ.

19. ಕಲಂ 10(ಇ)ರಲ್ಲಿ ಬಂದಿರುವ ಹೋಳಿಗೆಯ ಹೊಸ ಡಬ್ಬಿಯನ್ನು ಯಾವಾಗ, ಏನು ತುಂಬಿ ಹಿಂದಿರುಗಿಸಬೇಕೆಂಬ ಬಗ್ಗೆ ಪ್ರತ್ಯೇಕ ಆದೇಶ ಇರುವುದಿಲ್ಲ. ಅದು ಅವರಿಬ್ಬರ ವಿಷಯ.

ಮೇಲಿನ ಸೂಚನೆಗಳಲ್ಲಿ ಯಾವುದಾದರೂ ಅಸ್ಪಷ್ಟವೆನಿಸಿದಲ್ಲಿ ಸದಸ್ಯರು ಕಾರ್ಯದರ್ಶಿಯನ್ನು ಇಂದು ಸಂಪರ್ಕಿಸತಕ್ಕದ್ದಲ್ಲ. ಅವರ ಎರಡೂ ಕೈಗಳಲ್ಲಿ ಡಬ್ಬಿ ಇರುತ್ತದೆ.

ಸಹಿ/-
(ಲೂಯಿಸ್ ಕ್ರಾಸ್ತಾ)
ಕಾರ್ಯದರ್ಶಿ ಹಾಗೂ ಪ್ರಭಾರ ಅಡುಗೆಯವರು
ಸ್ವತಂತ್ರ ಇಲ್ಫರ್ಡ್ ಕನ್ನಡ ಕೂಟ

(ಕಾಗದದ ಮೇಲಿರುವ ಬಿಳಿ ಗುರುತು ಹಿಟ್ಟಿನದು. ಕಚೇರಿಯ ಮೊಹರೆಂದು ಭಾವಿಸುವುದು.)

ಪ್ರತಿಗಳು:

1. ಶ್ರೀ ರಾಮಪ್ರಸಾದ, ಒಕ್ಕೂಟದ ಕಾರ್ಯದರ್ಶಿ, ಸಟನ್: ಪಾತ್ರೆ ಬಿಡುಗಡೆಗಾಗಿ. ತಮಗೂ ಸಾನ್ನಾ ಬೇಕಿದ್ದಲ್ಲಿ ಡಬ್ಬಿ ಕಳುಹಿಸುವುದು.

2. ಶ್ರೀ ಲಕ್ಷ್ಮೀಶ, ಗಡಿ ಅಧಿಕಾರಿ, ಫ್ಯಾರಿಂಗ್ಡನ್ ಬೆಂಚು: ಮಾಹಿತಿಗಾಗಿ ಹಾಗೂ ಮನೆಗೆ ಹೋಗುವುದಕ್ಕಾಗಿ.

3. ಶ್ರೀಮತಿ ಬಸಲಿಂಗವ್ವ, ಹುಬ್ಬಳ್ಳಿ: ತಮ್ಮ ಪ್ರಶ್ನೆಗೆ ಉತ್ತರ, ಸಾನ್ನಾ.

4. ಕುಮಾರಿ ಮೆಲಿಷಾ, ಮೆಟ್ಟಿಲಿನ ಮೇಲೆ: ತರ್ಜುಮೆ ಬಂದಿದೆ. ತಮ್ಮ ಆಕ್ಷೇಪಣೆಯನ್ನು ಎತ್ತಿಹಿಡಿಯಲಾಗಿದೆ.

5. ಶ್ರೀಮತಿ ಅನ್ನೆಟ್ ಕ್ರಾಸ್ತಾ, ಅಡುಗೆಮನೆ: ಇಂದು ಶನಿವಾರ. ಮಧ್ಯಾಹ್ನ ಫೋನ್ ಹತ್ತಿರ ಇರಲು ಕೋರಿದೆ.

6. ಶ್ರೀಮತಿ ಚಂದ್ರಿಕಾ, ಸಟನ್: ಡಬ್ಬಿ ಸಮೇತ, ಖುದ್ದಾಗಿ. ಒಳಗಿರುವುದನ್ನು ತಾವು ಇಡ್ಲಿ ಎಂದು ಕರೆದರೂ ಈ ಕಚೇರಿಯ ಆಕ್ಷೇಪಣೆ ಇರುವುದಿಲ್ಲ.